ಮಳೆಗಾಲದಲ್ಲಿ ನಿಂತ ಟ್ರ್ಯಾಕ್ಟರಿನ ಬ್ಯಾಟರಿಗೆ ಸಣ್ಣ ಚಾರ್ಜರಿನ ಆಸರೆ



ನಾಟಿ ಮುಗಿದರೆ ಗದ್ದೆಯಲ್ಲಿ ಟ್ರ್ಯಾಕ್ಟರಿಗೆ ಕೆಲಸವಿಲ್ಲ. ಸೊರಬದ ಚಂದ್ರಗುತ್ತಿ, ಉಳವಿ ಕಡೆ ಆಗಸ್ಟ್‌ನಲ್ಲಿ ಕೊಟ್ಟಿಗೆ ಸೇರಿದ ಟ್ರ್ಯಾಕ್ಟರು ಮತ್ತೆ ಹೊರಡುವುದು ಭತ್ತದ ಕೊಯ್ಲಿಗೆ. ಶಿಕಾರಿಪುರದ ಮೆಕ್ಕೆಜೋಳದ ಊರುಗಳಲ್ಲಿ ಒಂದು ತಿಂಗಳು ಮೊದಲು. ಅಂತೂ ಎರಡು ಮೂರು ತಿಂಗಳು ಯಂತ್ರ ನಿಂತಿರುತ್ತದೆ. ತಾಡಪಾಲು ಹೊದಿಸುತ್ತೇವೆ, ಡೀಸೆಲ್ ಟ್ಯಾಂಕಿನ ಮುಚ್ಚಳ ನೋಡುತ್ತೇವೆ. ಬ್ಯಾಟರಿಯನ್ನು ಮಾತ್ರ ಮರೆಯುತ್ತೇವೆ.

ಕೆಲವು ವರ್ಷಗಳ ಹಿಂದೆ ಶಿರಾಳಕೊಪ್ಪದ ಕಡೆ ಒಬ್ಬ ರೈತರ ಕಣಕ್ಕೆ ಹೋಗಿದ್ದೆ. ಮುರಿದ ಮೆಕ್ಕೆಜೋಳದ ತೆನೆ ರಾಶಿ ಬಿದ್ದಿತ್ತು, ಬಾಡಿಗೆಯ ಒಕ್ಕಣೆ ಯಂತ್ರ ಬಂದು ನಿಂತಿತ್ತು, ಪಶ್ಚಿಮಕ್ಕೆ ಮೋಡ ಕಟ್ಟಿತ್ತು. ಸೆಲ್ಫ್ ಹೊಡೆದರೆ ಟ್ರ್ಯಾಕ್ಟರು 'ಟಕ್' ಎಂದು ಸುಮ್ಮನಾಯಿತು. ಕೆಸರಿನಲ್ಲಿ ತಳ್ಳಿ ಶುರು ಮಾಡುವಂತಿರಲಿಲ್ಲ. ನೆರೆಯವರ ಟ್ರ್ಯಾಕ್ಟರು ಬರುವಷ್ಟರಲ್ಲಿ ಅಡ್ಡಮಳೆ ಹಿಡಿಯಿತು. ನಾಲ್ಕು ದಿನ ಬಿಡಲಿಲ್ಲ. ರಾಶಿಯ ಅಡಿಯ ತೆನೆಗಳು ಮೊಳಕೆಯೊಡೆದವು, ಮೇಲಿನವಕ್ಕೆ ಬೂಷ್ಟು ಬಂತು. ಆ ಬ್ಯಾಟರಿ ಕೊಂಡು ಎರಡು ವರ್ಷ ತುಂಬಿರಲಿಲ್ಲ. ಅದು ಕೆಟ್ಟದ್ದು ದುಡಿದು ಅಲ್ಲ, ಸುಮ್ಮನೆ ಕೂತು.

ಕೂತರೆ ಏಕೆ ಕೆಡುತ್ತದೆ? ಬ್ಯಾಟರಿಯೊಳಗೆ ಸೀಸದ ಪ್ಲೇಟುಗಳು ಗಂಧಕಾಮ್ಲದ ದ್ರಾವಣದಲ್ಲಿ ಮುಳುಗಿರುತ್ತವೆ. ತಂತಿ ಜೋಡಿಸದಿದ್ದರೂ ಒಳಗಿನ ರಾಸಾಯನಿಕ ಕ್ರಿಯೆ ನಿಲ್ಲುವುದಿಲ್ಲ. ನಮ್ಮ ಹವೆಯಲ್ಲಿ ಹಳೆಯ ಬ್ಯಾಟರಿ ದಿನಕ್ಕೆ ನೂರಕ್ಕೆ ಸುಮಾರು ಅರ್ಧದಿಂದ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಹೀಗೆ ಇಳಿದಾಗ ಪ್ಲೇಟಿನ ಮೇಲೆ ಸೀಸದ ಸಲ್ಫೇಟು ಕೂರುತ್ತದೆ. ಬೇಗ ಚಾರ್ಜು ಮಾಡಿದರೆ ಅದು ಕರಗಿ ಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ಕಚ್ಚಿಕೊಳ್ಳುತ್ತದೆ, ಆಮೇಲೆ ಎಷ್ಟು ಚಾರ್ಜು ಕೊಟ್ಟರೂ ಪೂರ್ತಿ ಬಿಡುವುದಿಲ್ಲ.

ಕೆನಡಾದಂಥ ದೇಶಗಳಲ್ಲಿ ಹಿಮ ಬೀಳುವ ಕಾಲಕ್ಕೆ ವಾಹನ ನಿಲ್ಲಿಸುವವರು ಸಣ್ಣ ಚಾರ್ಜರೊಂದನ್ನು ಬ್ಯಾಟರಿಗೆ ಹಚ್ಚಿ ಬಿಡುವ ರೂಢಿಯುಂಟು. ಇದಕ್ಕೆ ಟ್ರಿಕಲ್ ಚಾರ್ಜರ್ ಎನ್ನುತ್ತಾರೆ. ತೊಟ್ಟು ತೊಟ್ಟಾಗಿ ವಿದ್ಯುತ್ ಕೊಡುವ ಯಂತ್ರ. ಅದು ಚಳಿ ದೇಶದ ಮಾತು, ನಮಗೇಕೆ ಎನ್ನಬೇಡಿ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಬ್ಯಾಟರಿ ತಾನಾಗಿ ಇಳಿಯುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅವರಿಗಿಂತ ಇದು ನಮಗೇ ಹೆಚ್ಚು ಬೇಕು.

ಲೆಕ್ಕ ನೋಡಿ. 88 ಆಂಪಿಯರ್-ಅವರ್ ಬ್ಯಾಟರಿ ದಿನಕ್ಕೆ ಅರ್ಧ ಪಾಲು ಇಳಿದರೆ ಕಳೆದುಕೊಳ್ಳುವುದು 0.44 ಆಂಪಿಯರ್-ಅವರ್. ಅರ್ಧ ಆಂಪಿಯರಿನ ಚಾರ್ಜರು ಅದನ್ನು ಒಂದೆರಡು ಗಂಟೆಯಲ್ಲಿ ತುಂಬುತ್ತದೆ. ಹತ್ತು ವಾಟಿನ ಬಲ್ಬು ಉರಿಸಿದಷ್ಟೂ ವಿದ್ಯುತ್ ಬೇಡ. ಕೊಳ್ಳುವಾಗ, ಬ್ಯಾಟರಿ ತುಂಬಿದ ಮೇಲೆ ತಾನಾಗಿ 13.2ರಿಂದ 13.8 ವೋಲ್ಟಿನೊಳಗೆ ನಿಲ್ಲುವ ಸ್ವಯಂಚಾಲಿತ ಮಾದರಿಯನ್ನೇ ಕೇಳಿ. ಅಂಗಡಿಯ ದೊಡ್ಡ ಚಾರ್ಜರನ್ನು ತಂದು ದಿನಗಟ್ಟಲೆ ಹಚ್ಚಿಟ್ಟರೆ ದ್ರಾವಣ ಕುದಿದು ನೀರು ಬತ್ತಿ ಪ್ಲೇಟು ಒಣಗುತ್ತದೆ.

ಸಣ್ಣ ಚಾರ್ಜರು ಇದ್ದ ಶಕ್ತಿಯನ್ನು ಕಾಯುವುದೇ ಹೊರತು ಸತ್ತ ಬ್ಯಾಟರಿಯನ್ನು ಎಬ್ಬಿಸುವುದಿಲ್ಲ. ಆದ್ದರಿಂದ ನಿಲ್ಲಿಸುವ ಮೊದಲು ಪರೀಕ್ಷಿಸಬೇಕು. ಎಂಜಿನ್ ಆರಿಸಿ ಒಂದು ರಾತ್ರಿ ಬಿಟ್ಟು ವೋಲ್ಟ್ ಮೀಟರ್ ಹಿಡಿದರೆ ತುಂಬಿದ ಬ್ಯಾಟರಿ 12.6ಕ್ಕೆ ಮೇಲೆ ತೋರಿಸುತ್ತದೆ, 12.2 ಬಂದರೆ ಅರ್ಧ ಖಾಲಿ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಹೈಡ್ರೋಮೀಟರಿನಲ್ಲಿ ಆರೂ ಮನೆಗಳ ದ್ರಾವಣ ನೋಡಿ, 1.260ಕ್ಕೆ ಮೇಲಿದ್ದರೆ ಚಿಂತೆಯಿಲ್ಲ. ಕಡಿಮೆಯಿದ್ದರೆ ಮೊದಲು ಆಟೋ ಎಲೆಕ್ಟ್ರಿಕ್ ಅಂಗಡಿಯಲ್ಲಿ ಎಂಟು ಒಂಬತ್ತು ಆಂಪಿಯರಿನಲ್ಲಿ ಪೂರ್ತಿ ಚಾರ್ಜು ಮಾಡಿಸಿ ತನ್ನಿ. ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಕೊಳವೆಬಾವಿಯ ನೀರು ಬೇಡ, ಆಸಿಡ್ ಅಂತೂ ಬೇಡವೇ ಬೇಡ.

ಬ್ಯಾಟರಿಯ ತಲೆಯನ್ನೂ ಒರೆಸಬೇಕು. ಮಲೆನಾಡಿನ ಥಂಡಿಗೆ ಅಲ್ಲಿನ ಧೂಳು, ಎಣ್ಣೆ ಜಿಡ್ಡು ಒದ್ದೆಯಾಗಿ ಒಂದು ಕೊಂಬಿನಿಂದ ಇನ್ನೊಂದಕ್ಕೆ ವಿದ್ಯುತ್ ಹರಿಸುತ್ತದೆ. ಸಿಮೆಂಟ್ ನೆಲದ ಮೇಲಿಟ್ಟರೆ ಶಕ್ತಿ ನೆಲಕ್ಕೆ ಇಳಿಯುತ್ತದೆ ಎಂದು ಹಿರಿಯರು ಹೇಳುವುದುಂಟು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಆ ಭಯವಿಲ್ಲ. ಆದರೂ ಹಲಗೆಯ ಮೇಲಿಡುವುದು ಒಳ್ಳೆಯದೇ, ಒದ್ದೆ ತಾಗುವುದಿಲ್ಲ.

ಬ್ಯಾಟರಿ ಬಿಚ್ಚುವಾಗ ಚಾಸಿಗೆ ಹೋಗುವ ಅರ್ತ್ ತಂತಿ ಮೊದಲು. ಜಗುಲಿಯಂಥ ಗಾಳಿಯಾಡುವ ಜಾಗದಲ್ಲಿಡಿ. ಹುಲ್ಲಿನ ಬಣವೆಯ ಬಳಿ ಬೇಡ, ಮಕ್ಕಳ ಕೈಗೆ ಎಟುಕಬಾರದು. ಚಾರ್ಜು ಆಗುವಾಗ ಹೊರಡುವ ಜಲಜನಕ ಒಂದು ಕಿಡಿಗೆ ಸಿಡಿಯುತ್ತದೆ, ಬೀಡಿ ಸೇದುವವರು ದೂರವಿರಲಿ. ಚಾರ್ಜರಿನ ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ, ಆಮೇಲೆ ಸ್ವಿಚ್ಚು. ತೆಗೆಯುವಾಗ ಸ್ವಿಚ್ಚು ಮೊದಲು. ವಾರಕ್ಕೊಮ್ಮೆ ಮುಟ್ಟಿ ನೋಡಿ; ಬಿಸಿಯಾಗಿದ್ದರೆ ಕೂಡಲೇ ನಿಲ್ಲಿಸಿ.

ನಮ್ಮಲ್ಲಿ ಎರಡು ದುರಭ್ಯಾಸಗಳಿವೆ. ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಶುರು ಮಾಡಿ ಆರಿಸುವುದು ಒಂದು. ನಿಧಾನವಾಗಿ ಓಡುವ ಎಂಜಿನ್ ಆ ಐದು ನಿಮಿಷದಲ್ಲಿ ಸೆಲ್ಫ್ ತಿಂದದ್ದನ್ನು ತುಂಬಿಕೊಡುವುದೇ ಕಷ್ಟ. ಇನ್ನೊಂದು, ಹೇಗೂ ಸುಮ್ಮನಿದೆಯೆಂದು ಟ್ರ್ಯಾಕ್ಟರಿನ ಬ್ಯಾಟರಿಯನ್ನು ಹಂದಿ ಬೇಲಿಗೋ ಮನೆಯ ಇನ್ವರ್ಟರಿಗೋ ಜೋಡಿಸುವುದು. ಅದರ ತೆಳು ಪ್ಲೇಟುಗಳು ಒಂದು ಗಳಿಗೆಯ ಜೋರಿಗೆ ಮಾಡಿದವು. ರಾತ್ರಿಯಿಡೀ ಹಿಂಡಿದರೆ ತಾಳುವುದಿಲ್ಲ.

ವಿದ್ಯುತ್ ಸರಿಯಾಗಿ ಬರದ ಒಂಟಿ ಮನೆಗಳವರು ಹತ್ತು ವಾಟಿನ ಸಣ್ಣ ಸೌರಫಲಕ ಹಾಕಿಕೊಳ್ಳಬಹುದು. ಮೋಡದಲ್ಲಿ ಕೊಡುವುದು ಕಡಿಮೆಯೇ, ಆದರೆ ನಮಗೆ ಬೇಕಾದದ್ದೂ ಕಡಿಮೆಯೇ. ನಡುವೆ ಚಾರ್ಜ್ ಕಂಟ್ರೋಲರ್ ಇರಲಿ.

ಆಯುಧ ಪೂಜೆಗೆ ಟ್ರ್ಯಾಕ್ಟರು ತೊಳೆಯುತ್ತೀರಲ್ಲ, ಅದಕ್ಕೆ ಎರಡು ದಿನ ಮೊದಲೇ ಬ್ಯಾಟರಿ ತಂದು ಕೂರಿಸಿ. ಕೊಂಬುಗಳ ಹಸಿರು ಕಿಲುಬನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಅರ್ತ್ ತಂತಿಯನ್ನು ಕೊನೆಗೆ ಬಿಗಿದು, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ. ಸೆಲ್ಫ್ ಸೋತರೆ ಅಂದೇ ತಿಳಿಯುತ್ತದೆ. ತೆನೆ ಇನ್ನೂ ಹೊಲದಲ್ಲೇ ಇರುತ್ತದೆ, ರಿಪೇರಿಗೆ ಸಮಯ ಸಿಗುತ್ತದೆ.