ದೋಣಿಯ ಹೆಸರು ಬದಲಿಸುವ ಮುನ್ನ



ಜುಲೈ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಧರ್ಮಕೇಂದ್ರಗಳಿಗೆ ಒಂದು ಬೇಡಿಕೆ ತಪ್ಪದೆ ಬರುತ್ತದೆ. "ಫಾದರ್, ಹಳೆ ಬೋಟ್ ಒಂದು ತಗೊಂಡಿದ್ದೇವೆ. ಹೆಸರು ಬದಲಿಸಿ ವೆಲಂಕಣಿ ಮಾತೆಯ ಹೆಸರು ಇಡಬೇಕು. ಒಂದು ದಿನ ಧಕ್ಕೆಗೆ ಬಂದು ಆಶೀರ್ವಾದ ಮಾಡಿಕೊಡಿ." ಯಾಂತ್ರೀಕೃತ ಬೋಟುಗಳು ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯುವಂತಿಲ್ಲ. ದುರಸ್ತಿ, ಬಣ್ಣ, ಮಾರಾಟ, ಖರೀದಿ ಹೆಚ್ಚಾಗಿ ನಡೆಯುವುದು ಆ 61 ದಿನಗಳಲ್ಲೇ.

ಹೀಗೆ ಬಂದ ಒಬ್ಬರನ್ನು ನಾನು ಕೇಳಿದೆ: "ಕಾಗದದಲ್ಲಿ ಹೆಸರು ಬದಲಾಗಿದೆಯೇ?" ಅವರೆಂದರು, "ಅದು ಆಮೇಲೆ ಮಾಡಿಸಿದರಾಯಿತು ಫಾದರ್, ಬಣ್ಣ ಹೊಡೆದಾಗಿದೆ." ಈ 'ಆಮೇಲೆ' ಎಂಬ ಮಾತೇ ಈ ಲೇಖನಕ್ಕೆ ಕಾರಣ.

ಅವರಿಗೆ ಕಾಗದದ ಚಿಂತೆ ಇರಲಿಲ್ಲ, ಬೇರೊಂದು ಚಿಂತೆ ಇತ್ತು. ಬೋಟಿಗೆ ಮೊದಲಿದ್ದದ್ದು ಒಬ್ಬ ದೇವಿಯ ಹೆಸರು. ಅದನ್ನು ಅಳಿಸಿದರೆ ಕೆಡುಕಾದೀತೆಂದು ಬೋಟಿನಲ್ಲಿ ದುಡಿಯುವ ಇಬ್ಬರು ಹಿಂಜರಿಯುತ್ತಿದ್ದರಂತೆ. ಇದು ನಮ್ಮ ಧಕ್ಕೆಗಳಲ್ಲಿ ಮಾತ್ರ ಇರುವ ಭಯವಲ್ಲ. ಪಶ್ಚಿಮದ ನಾವಿಕರಲ್ಲೂ ಹಡಗಿನ ಹೆಸರು ಬದಲಿಸುವುದು ಅಪಶಕುನವೆಂಬ ಹಳೆಯ ನಂಬಿಕೆಯಿದೆ. ಸಮುದ್ರದೇವನ ಲೆಕ್ಕದ ಪುಸ್ತಕದಲ್ಲಿ ಪ್ರತಿ ಹಡಗಿನ ಹೆಸರೂ ಬರೆದಿರುತ್ತದೆ ಎಂದು ಅವರು ಹೇಳುತ್ತಾರೆ. ಆದ್ದರಿಂದ ಹಳೆಯ ಹೆಸರಿರುವ ವಸ್ತುಗಳನ್ನೆಲ್ಲ ಹಡಗಿನಿಂದ ತೆಗೆದು, ಕಡಲಿಗೆ ವೈನ್ ಸುರಿದು, ಆಮೇಲೆ ಹೊಸ ಹೆಸರು ಬರೆಯುತ್ತಾರೆ.

ಪವಿತ್ರ ಗ್ರಂಥ ಏನು ಹೇಳುತ್ತದೆ? ಪ್ರೇಷಿತರ ಕಾರ್ಯಕಲಾಪಗಳ 28ನೇ ಅಧ್ಯಾಯ ನೋಡಿ. ಹಡಗು ಒಡೆದು ಮಾಲ್ಟಾ ಸೇರಿದ್ದ ಸಂತ ಪೌಲರು ಮೂರು ತಿಂಗಳ ಬಳಿಕ ಅಲೆಕ್ಸಾಂಡ್ರಿಯಾದ ಇನ್ನೊಂದು ಹಡಗು ಹತ್ತಿದರು. ಅದರ ಮೇಲಿದ್ದದ್ದು ಗ್ರೀಕರ ಅವಳಿ ದೇವತೆಗಳ ಚಿಹ್ನೆ. ಪೌಲರು ಅದನ್ನು ಅಳಿಸಿ ಎನ್ನಲಿಲ್ಲ, ಹತ್ತುವುದಿಲ್ಲ ಎಂದೂ ಹೇಳಲಿಲ್ಲ. ಅದೇ ಹಡಗಿನಲ್ಲಿ ಕ್ಷೇಮವಾಗಿ ಇಟಲಿ ಮುಟ್ಟಿದರು. ಸಿಮೋನನಿಗೆ ಪೇತ್ರ ಎಂಬ ಹೊಸ ಹೆಸರು ಸಿಕ್ಕಿತು ನಿಜ. ಅವನ ದೋಣಿಯ ಹೆಸರೇನೆಂದು ಮಾತ್ರ ಶುಭಸಂದೇಶಕಾರರು ಯಾರೂ ಬರೆದಿಲ್ಲ!

ಹಾಗಾಗಿ ಹಳೆಯ ಹೆಸರಿಗೆ ಹೆದರಬೇಕಿಲ್ಲ, ಅದನ್ನು ಅವಮಾನಿಸಲೂ ಬಾರದು. ಮಾರಿದವರಿಗೆ ಮೊದಲೇ ಒಂದು ಮಾತು ತಿಳಿಸಿ, ಬೋಟಿನಲ್ಲಿರುವ ದೇವರ ಪಟವನ್ನು ಗೌರವದಿಂದ ಅವರ ಕೈಗೊಪ್ಪಿಸಿದರೆ ಯಾರ ಮನಸ್ಸೂ ನೋಯುವುದಿಲ್ಲ. ನೂಲ ಹುಣ್ಣಿಮೆಯ ದಿನ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುವವರೂ ಜಪಸರ ಹಿಡಿದವರೂ ಒಂದೇ ಬಲೆ ಎಳೆಯುವ ಊರು ನಮ್ಮದು.

ಇನ್ನು ಆಶೀರ್ವಾದ. 1984ರಲ್ಲಿ ರೋಮ್ ಪ್ರಕಟಿಸಿದ ಆಶೀರ್ವಾದ ವಿಧಿಗಳ ಗ್ರಂಥದಲ್ಲಿ ಪ್ರಯಾಣದ ವಾಹನಗಳಿಗೆ ಪ್ರಾರ್ಥನೆಗಳಿವೆ. ಹೆಸರು ಬದಲಾವಣೆಗೆಂದೇ ಪ್ರತ್ಯೇಕ ವಿಧಿ ಇಲ್ಲ. ಬೋಟಿಗೆ ತೀರ್ಥ ಚಿಮುಕಿಸುವುದು ದೀಕ್ಷಾಸ್ನಾನವಲ್ಲ. ನಾವು ಬೇಡುವುದು ಅದರಲ್ಲಿ ದುಡಿಯುವವರ ರಕ್ಷಣೆಯನ್ನು. ಆದ್ದರಿಂದ ಗುರುಗಳು ಬರುವುದು ಒಂದು ವಾರ ತಡವಾದರೆ ಏನೂ ಕೆಡದು.

ಕಾಗದ ತಡವಾದರೆ ಕೆಡುತ್ತದೆ. ನಮ್ಮ ಮೀನುಗಾರಿಕಾ ಬೋಟುಗಳ ನೋಂದಣಿ ನಡೆದುಬಂದದ್ದು 1958ರ ವಾಣಿಜ್ಯ ನೌಕಾಯಾನ ಕಾಯ್ದೆಯಡಿ. ಅದರ ಜಾಗಕ್ಕೆ ಸಂಸತ್ತು 2025ರಲ್ಲಿ ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ಮೀನು ಹಿಡಿಯುವ ಪರವಾನಿಗೆ ರಾಜ್ಯದ 1986ರ ಕಡಲ ಮೀನುಗಾರಿಕೆ ಕಾಯ್ದೆಯಡಿ ಸಿಗುತ್ತದೆ. ಎರಡಕ್ಕೂ ಹೋಗಬೇಕಾದದ್ದು ಮೀನುಗಾರಿಕೆ ಇಲಾಖೆಯ ಕಛೇರಿಗೇ. ಅರ್ಜಿಯನ್ನು 'ರಿಯಲ್‌ಕ್ರಾಫ್ಟ್' ಎಂಬ ಜಾಲತಾಣದ ಮೂಲಕ ಸಲ್ಲಿಸುವ ವ್ಯವಸ್ಥೆ ಇದೆ. ಹಳೆ ಬೋಟ್ ಕೊಂಡವರು ಮೊದಲು ಮಾಲೀಕತ್ವ ವರ್ಗಾಯಿಸಿಕೊಳ್ಳಬೇಕು. ಕ್ರಯಪತ್ರ, ಮೂಲ ನೋಂದಣಿ ಪತ್ರ, ಮಾರಿದವರ ಒಪ್ಪಿಗೆ, ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಇವನ್ನು ಒಟ್ಟುಮಾಡಿಕೊಂಡೇ ಕಛೇರಿಯ ಮೆಟ್ಟಿಲು ಹತ್ತಿ. ಇಲ್ಲವಾದರೆ ಎರಡನೇ ಸಲ ಹತ್ತಬೇಕಾಗುತ್ತದೆ.

ನೋಂದಣಿ ಸಂಖ್ಯೆ ಇದೆಯಲ್ಲ, ಹೆಸರೇಕೆ ಎಂದು ಕೇಳುವವರಿದ್ದಾರೆ. ದೊಡ್ಡ ಹಡಗುಗಳಿಗೂ ಏಳು ಅಂಕಿಗಳ ಅಂತರರಾಷ್ಟ್ರೀಯ ಸಂಖ್ಯೆ ಇರುತ್ತದೆ. ಹೆಸರು, ಮಾಲೀಕ, ಧ್ವಜ ಯಾವುದು ಬದಲಾದರೂ ಅದು ಬದಲಾಗದು. ಆದರೂ ದಾಖಲೆಯಲ್ಲಿ ಒಂದು ಹೆಸರು, ಮೈಮೇಲೆ ಇನ್ನೊಂದು ಹೆಸರು ಇರುವ ಬೋಟನ್ನು ಯಾರೂ ನಂಬುವುದಿಲ್ಲ. 2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಬಂದದ್ದು ಗುಜರಾತಿನ 'ಕುಬೇರ' ಎಂಬ ಮೀನುಗಾರಿಕಾ ಬೋಟನ್ನು ವಶಪಡಿಸಿಕೊಂಡು. ಆ ಬಳಿಕ ಕಡಲಲ್ಲಿ ತಪಾಸಣೆ ಬಿಗಿಯಾಗಿದೆ. ಕರಾವಳಿ ಕಾವಲು ಪಡೆಯವರು ಕಾಗದ ಕೇಳಿದಾಗ ತಂಡೇಲ "ಆಮೇಲೆ" ಎಂದರೆ ನಡೆಯದು.

ಅದಕ್ಕಿಂತ ದೊಡ್ಡದು ಅವಘಡದ ಹೊತ್ತು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಮಂದಿಯೊಡನೆ ಹೊರಟ 'ಸುವರ್ಣ ತ್ರಿಭುಜ' ಕಾಣೆಯಾಯಿತು. ನೌಕಾಪಡೆಗೆ ಅದರ ಅವಶೇಷ ಮಹಾರಾಷ್ಟ್ರದ ಕಡಲಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ಕಾಲ ಧಕ್ಕೆಯಿಂದ ಧಕ್ಕೆಗೆ, ವಯರ್‌ಲೆಸ್‌ನಲ್ಲಿ, ಪತ್ರಿಕೆಗಳಲ್ಲಿ ಎಲ್ಲರೂ ವಿಚಾರಿಸಿದ್ದು ಆ ಹೆಸರು ಹಿಡಿದೇ. ಬೋಟಿನಲ್ಲಿ ಅಪಾಯ ಸಂದೇಶ ಕಳಿಸುವ ಯಂತ್ರವಿದ್ದರೆ ಅದರ ನೋಂದಣಿಯಲ್ಲೂ ಹೊಸ ಹೆಸರು ಸೇರಿಸಿ. ವಿಮೆ, ಡೀಸೆಲ್ ಪಾಸ್‌ಬುಕ್, ಬ್ಯಾಂಕ್, ಎಲ್ಲ ಕಡೆಯೂ ಹಾಗೆಯೇ. ಪರಿಹಾರ ಕೇಳಿ ಬಂದ ವಿಧವೆಯೊಬ್ಬಳು ಎರಡು ಹೆಸರಿನ ಬೋಟು ಒಂದೇ ಎಂದು ರುಜುವಾತು ಮಾಡಲು ಅಲೆಯುವಂತಾಗಬಾರದು.

ನಮ್ಮಲ್ಲಿಗೆ ಬಂದಿದ್ದವರು ಮೊದಲು ಮುಖ ಸಣ್ಣ ಮಾಡಿಕೊಂಡರೂ ಮಾತು ಕೇಳಿದರು. ಹೊಸ ಬಣ್ಣದ ಮೇಲೆಯೇ ಹಳೆಯ ಹೆಸರನ್ನು ಮತ್ತೆ ಬರೆಸಿ ಆಗಸ್ಟ್‌ನಲ್ಲಿ ಕಡಲಿಗಿಳಿದರು. ಕಾಗದ ಕೈಗೆ ಬಂದ ಮೇಲೆ ನನಗೆ ಫೋನ್ ಬಂತು. ಆಶೀರ್ವಾದದ ದಿನ ಮೊದಲು ಹಿಂಜರಿದಿದ್ದ ಆ ಇಬ್ಬರೂ ಬೋಟಿನಲ್ಲಿದ್ದರು. ತೀರ್ಥದ ಪಾತ್ರೆ ಹಿಡಿದುಕೊಂಡದ್ದು ಅವರಲ್ಲೊಬ್ಬರು.