ಅಂಚು ಕಟ್ಟುವವರ ಲೆಕ್ಕ

ಹಲವರು ಸೇರಿ ಹೊಲಿದ ಕೌದಿಯಲ್ಲಿ ಒಂದೊಂದು ತುಂಡಿಗೂ ಒಬ್ಬ ಒಡತಿ ಇರುತ್ತಾಳೆ. ಆ ತುಂಡುಗಳನ್ನು ಕೂಡಿಸಿದ ಹೊಲಿಗೆಗೆ ಮಾತ್ರ ಯಾರ ಹೆಸರೂ ಅಂಟಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ಊರೂರಿಗೂ ಕ್ವಿಲ್ಟ್, ಅಂದರೆ ಅಲ್ಲಿನ ಕೌದಿ, ಹೊಲಿಯುವವರ ಸಂಘಗಳಿವೆ. ಯುದ್ಧದಿಂದ ಮರಳಿದ ಸೈನಿಕರಿಗೆ, ಆಸ್ಪತ್ರೆಯಲ್ಲಿ ಮಲಗಿದ ಮಕ್ಕಳಿಗೆ, ಬೆಂಕಿ ಪ್ರವಾಹಗಳಲ್ಲಿ ಮನೆ ಕಳೆದುಕೊಂಡವರಿಗೆ ಹೊದಿಕೆ ಕೊಡುವುದು ಈ ಸಂಘಗಳ ರೂಢಿ. ಸದಸ್ಯರು ಮನೆಯಲ್ಲೇ ಕೂತು ‘ಬ್ಲಾಕ್’ ಎನ್ನುವ ಒಂದೊಂದು ಚೌಕವನ್ನು ಹೊಲಿದು ತಂದುಕೊಡುತ್ತಾರೆ. ಚೌಕದ ಕೆಲಸ ಹಿತವಾದದ್ದು. ಬಣ್ಣ ಆರಿಸುವ ಖುಷಿ ಇದೆ, ಒಂದು ಸಂಜೆಯಲ್ಲಿ ಮುಗಿಯುತ್ತದೆ, ನಾಲ್ಕು ಜನ ಮೆಚ್ಚುತ್ತಾರೆ. ಆಮೇಲಿನದ್ದು ಬೇರೆಯೇ ಕಥೆ. ಒಬ್ಬೊಬ್ಬರ ಚೌಕ ಒಂದೊಂದು ಅಳತೆಗೆ ಬಂದಿರುತ್ತದೆ, ಅವನ್ನು ಕತ್ತರಿಸಿ ಸರಿದೂಗಿಸಬೇಕು. ಸಾಲು ಹಿಡಿದು ಕೂಡಿಸಬೇಕು, ನಡುವೆ ಹತ್ತಿಯ ಪದರ ಹಾಸಬೇಕು, ಅಡಿಗೆ ಅಸ್ತರು ಕೊಡಬೇಕು, ಮೂರನ್ನೂ ಸೇರಿಸಿ ಉದ್ದಗಲಕ್ಕೆ ಹೊಲಿಗೆ ಓಡಿಸಬೇಕು, ಕೊನೆಗೆ ಸುತ್ತಲೂ ಅಂಚುಪಟ್ಟಿ ಕಟ್ಟಬೇಕು. ಇಷ್ಟಾಗದೆ ಅದು ಯಾರ ಮೈಯನ್ನೂ ಬೆಚ್ಚಗೆ ಇಡುವುದಿಲ್ಲ. ಹೀಗಾಗಿ ಚೌಕಗಳು ಬೇಗ ರಾಶಿ ಬೀಳುತ್ತವೆ, ಕೌದಿಗಳು ತಡವಾಗಿ ಹುಟ್ಟುತ್ತವೆ. ಮುಗಿಯದೆ ಕಪಾಟು ಸೇರಿದ ಹೊಲಿಗೆಗೆ ಅಲ್ಲಿನವರು ತಮಾಷೆಗೆ ಹಾರುವ ತಟ್ಟೆಗಳ ಹೆಸರನ್ನೇ ಇಟ್ಟುಕೊಂಡಿದ್ದಾರೆ: ‘ಯುಎಫ್‌ಓ’. ಸಮುದಾಯದ ಹೊಲಿಗೆಯನ್ನು ಹೊಗಳುವಾಗ ನಾವು ಮೊದಲ ಅರ್ಧವನ್ನೇ ಹೊಗಳುತ್ತೇವೆ. ಕಾರ್ಯ ಕೈಗೂಡುವುದು ಎರಡನೆಯ ಅರ್ಧದಲ್ಲಿ. ಇದಕ್ಕೆ ಲೋಕದಲ್ಲೇ ಅತಿ ದೊಡ್ಡ ಸಾಕ್ಷಿ ಸ್ಯಾನ್‌ಫ್ರಾನ್ಸಿಸ್ಕೊದ ಏಡ್ಸ್ ಸ್ಮಾರಕ ಕೌದಿ, ಅದನ್ನು ದಶಕಗಳಿಂದ ಹೊಲಿದು ಕಾಯುತ್ತಿರುವವರು ಗರ್ಟ್ ಮೆಕ್‌ಮಲಿನ್.

ಕೌದಿಯ ಚರಿತ್ರೆ ಬಹಳ ಕಡೆ ಅಚ್ಚಾಗಿದೆ, ಚುಟುಕಾಗಿ ಹೇಳಿದರೆ ಸಾಕು. 1978ರ ನವೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಮೇಯರ್ ಜಾರ್ಜ್ ಮಾಸ್ಕೊನಿ ಮತ್ತು ನಗರಸಭೆಯ ಸದಸ್ಯ ಹಾರ್ವೆ ಮಿಲ್ಕ್ ಕೊಲೆಯಾದರು. ಅವರ ನೆನಪಿನಲ್ಲಿ ಪ್ರತಿವರ್ಷ ಮೇಣದಬತ್ತಿ ಹಿಡಿದು ಮೆರವಣಿಗೆ ನಡೆಯುತ್ತಿತ್ತು. ಅದೇ ಊರಿನ ಸಾವಿರ ಜನ ಏಡ್ಸ್‌ಗೆ ಬಲಿಯಾಗಿದ್ದಾರೆಂದು ಹೋರಾಟಗಾರ ಕ್ಲೀವ್ ಜೋನ್ಸ್‌ಗೆ ತಿಳಿದದ್ದು 1985ರ ಮೆರವಣಿಗೆಯ ಹೊತ್ತಿಗೆ. ಸತ್ತ ತಮ್ಮವರ ಹೆಸರುಗಳನ್ನು ರಟ್ಟಿನ ಮೇಲೆ ಬರೆದು ತರುವಂತೆ ಅವರು ಜನರನ್ನು ಕೇಳಿಕೊಂಡರು. ಫೆಡರಲ್ ಕಟ್ಟಡದ ಗೋಡೆಗೆ ಅಂಟಿಸಿದ ಆ ರಟ್ಟುಗಳ ಸಾಲು ಅವರ ಕಣ್ಣಿಗೆ ತೇಪೆಯ ಕೌದಿಯಂತೆ ಕಂಡಿತು. 1987ರಲ್ಲಿ ಅವರು ಗೆಳೆಯ ಮಾರ್ವಿನ್ ಫೆಲ್ಡ್‌ಮನ್ ಹೆಸರಿನಲ್ಲಿ ಕೌದಿಯ ಮೊದಲ ತುಂಡು, ಅಂದರೆ ಮೊದಲ ಪ್ಯಾನೆಲ್, ಮಾಡಿದರು. ಮಾರ್ಕೆಟ್ ಸ್ಟ್ರೀಟಿನಲ್ಲೊಂದು ಜಾಗ ಸಿಕ್ಕಿತು, ಹೊಲಿಗೆ ಯಂತ್ರಗಳನ್ನು ಊರವರೇ ತಂದುಕೊಟ್ಟರು, ಕೌದಿಯನ್ನು ಕೂಡಿಸುವ ‘ನೇಮ್ಸ್ ಪ್ರಾಜೆಕ್ಟ್’ ಶುರುವಾಯಿತು. ಅದೇ ವರ್ಷ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಬಯಲಿನಲ್ಲಿ ಹಾಸಿದಾಗ ಅದರಲ್ಲಿದ್ದದ್ದು 1,920 ಪ್ಯಾನೆಲ್. ಈಗ ಸುಮಾರು 50,000 ಪ್ಯಾನೆಲ್‌ಗಳಿವೆ, ಲಕ್ಷಕ್ಕೂ ಮೀರಿದ ಹೆಸರುಗಳಿವೆ, ತೂಕ 54 ಟನ್. ಇಡೀ ಕೌದಿಯನ್ನು ಒಂದೇ ಕಡೆ ಹಾಸಿದ್ದು 1996ರಲ್ಲಿ ಕೊನೆ. ಆಮೇಲೆ ಮಾಲ್ ಬಯಲಿಗೂ ಅದು ಹಿಡಿಯದಷ್ಟು ಬೆಳೆಯಿತು.

ಸಾಮಾನ್ಯವಾಗಿ ಪರಿಚಯಗಳು ಇಲ್ಲಿಗೆ ನಿಲ್ಲುತ್ತವೆ. ಅಂಚಿನ ಕೆಲಸ ಶುರುವಾಗುವುದೇ ಇಲ್ಲಿಂದ. ಪ್ಯಾನೆಲ್ಲಿನ ಅಳತೆ ಮೂರಡಿಗೆ ಆರಡಿ, ಹೆಚ್ಚೂಕಡಿಮೆ ಒಂದು ಗೋರಿಯಷ್ಟು. ಸತ್ತವರ ಹೆಸರು ಅದರ ಮೇಲಿರಬೇಕು, ಅಂಚು ಮಡಚಲು ಸುತ್ತಲೂ ಎರಡು ಮೂರು ಅಂಗುಲ ಬಟ್ಟೆ ಬಿಡಬೇಕು. ಕಟ್ಟುಪಾಡು ಇಷ್ಟೇ. ಉಳಿದದ್ದು ತಾಯಿಗೆ, ಸಂಗಾತಿಗೆ, ಗೆಳೆಯರಿಗೆ ಬಿಟ್ಟದ್ದು. ಅವರು ಜೀನ್ಸ್ ಹೊಲಿದು ಕಳಿಸಿದರು, ಚರ್ಮದ ಜಾಕೆಟ್ಟು, ಟೆಡ್ಡಿ ಬೊಂಬೆ, ಮದುವೆಯ ಉಂಗುರ, ಕಾರಿನ ಬೀಗದ ಕೈ, ಫೋಟೊ, ಕೂದಲು, ಕೆಲವೊಮ್ಮೆ ಚಿತಾಭಸ್ಮವನ್ನೂ ಕಳಿಸಿದರು. ಅವರಲ್ಲಿ ಎಷ್ಟೋ ಜನ ಅದಕ್ಕೆ ಮುಂಚೆ ಸೂಜಿಗೆ ದಾರ ಪೋಣಿಸಿದವರಲ್ಲ. ಅಂಟು ಹಚ್ಚಿದ್ದರು, ಸ್ಟೇಪಲ್ ಹೊಡೆದಿದ್ದರು, ಬಣ್ಣ ಬಳಿದಿದ್ದರು. ಇಂಥ ಎಂಟು ಪ್ಯಾನೆಲ್‌ಗಳನ್ನು ಒಟ್ಟಿಗಿಟ್ಟು ಹನ್ನೆರಡಡಿಗೆ ಹನ್ನೆರಡಡಿಯ ಒಂದು ಚೌಕ ಮಾಡಬೇಕು, ಈ ಕೌದಿಯಲ್ಲಿ ‘ಬ್ಲಾಕ್’ ಎಂದರೆ ಅದು. ಮಿನುಗು ಬಟ್ಟೆಯ ಪಕ್ಕ ದಪ್ಪ ಕಾರ್ಡುರಾಯ್ ಬಂದರೆ ಒಂದು ಇನ್ನೊಂದನ್ನು ಎಳೆಯುತ್ತದೆ. ಭಾರದ ಬೊಂಬೆಗಳೆಲ್ಲ ಒಂದೇ ಮೂಲೆಗೆ ಬಿದ್ದರೆ ನೇತುಹಾಕಿದಾಗ ಆ ಮೂಲೆ ಜೋಲುತ್ತದೆ. ಸುತ್ತಲೂ ಗಟ್ಟಿ ಕ್ಯಾನ್ವಾಸಿನ ಅಂಚು ಹೊಲಿದು, ಕಟ್ಟಲು ನೇತುಹಾಕಲು ಲೋಹದ ರಿಂಗಿನ ತೂತುಗಳನ್ನು ಕೂಡಿಸುತ್ತಾರೆ. ಬ್ಲಾಕಿಗೆ ನಂಬರು ಬೀಳುತ್ತದೆ, ಫೋಟೊ ತೆಗೆಯುತ್ತಾರೆ. ಪ್ರದರ್ಶನದಲ್ಲಿ ಬಿಳಿ ಉಡುಪಿನ ಸ್ವಯಂಸೇವಕರು ಕಮಲದ ಹೆಸರಿನ ಮಡಿಕೆಯ ಒಂದೊಂದು ಮೂಲೆಯನ್ನೇ ಹೊರಕ್ಕೆ ತೆರೆದು ಹಾಸುತ್ತಾರೆ, ಸತ್ತವರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾರೆ. ನೋಡಲು ಬಂದವರ ಕಣ್ಣಿಗೆ ಅಂಚು ಬೀಳುವುದಿಲ್ಲ. ಹೊಲಿಗೆ ಚೆನ್ನಾಗಿದೆ ಎನ್ನುವುದಕ್ಕೆ ಅದೇ ಗುರುತು.

ಗರ್ಟ್ ಮೆಕ್‌ಮಲಿನ್ ಈ ಕೆಲಸಕ್ಕೆ ಬಂದದ್ದು ಮೊದಲ ವರ್ಷದಲ್ಲೇ, ಗೆಳೆಯರಿಗಾಗಿ ಪ್ಯಾನೆಲ್ ಹೊಲಿಯಲು. ಅವರಲ್ಲಿ ಒಬ್ಬರು ರೋಜರ್ ಲಯನ್. 1983ರಲ್ಲಿ ಏಡ್ಸ್ ಪೀಡಿತರ ಪರವಾಗಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ನಿಂತು, ಕಡತದ ಕೆಂಪುಪಟ್ಟಿಯೇ ತನ್ನನ್ನು ಕೊಂದಿತೆಂದು ಗೋರಿಯ ಮೇಲೆ ಬರೆಸುವ ಹಾಗೆ ಮಾಡಬೇಡಿ ಎಂದು ಕೇಳಿಕೊಂಡವರು ಅವರು. ಮಾರನೆಯ ವರ್ಷ ತೀರಿಕೊಂಡರು. ಆ ಮಾತನ್ನೇ ಹೊತ್ತ ಅವರ ಪ್ಯಾನೆಲ್ ಈಗ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ತಮ್ಮವರ ಪ್ಯಾನೆಲ್ ಹೊಲಿದು ಮನೆಗೆ ಹೋದವರು ಸಾವಿರಾರು. ಗರ್ಟ್ ಉಳಿದುಕೊಂಡು ಪರರ ಪ್ಯಾನೆಲ್ ಹೊಲಿಯತೊಡಗಿದರು. 2001ರಲ್ಲಿ ಕೌದಿ ಅಟ್ಲಾಂಟಾಕ್ಕೆ ಹೊರಟಾಗ ಅದರ ಜೊತೆಗೇ ಹೋದರು, 2020ರ ಸುಮಾರಿಗೆ ಕೌದಿ ಸ್ಯಾನ್‌ಫ್ರಾನ್ಸಿಸ್ಕೊ ಸೀಮೆಗೆ ಮರಳಿದಾಗ ಜೊತೆಗೇ ಮರಳಿದರು. ಹೊಸದನ್ನು ಕೂಡಿಸುವುದಕ್ಕಿಂತ ಹಳೆಯದನ್ನು ಉಳಿಸುವುದೇ ಈಗ ದೊಡ್ಡ ಕೆಲಸ. ಬಟ್ಟೆಗೆ ವಯಸ್ಸಾಗುತ್ತದೆ, ಅಂಟು ಒಣಗಿ ಅಕ್ಷರ ಉದುರುತ್ತದೆ, ಮಣಿ ಬಿಡಿಯಾಗುತ್ತದೆ, ಊರೂರು ಸುತ್ತಿದ ಬ್ಲಾಕಿನ ಮಡಿಕೆ ಸವೆಯುತ್ತದೆ. ರಿಪೇರಿಗೆ ಕೂತವರು ಚೆಂದ ಮಾಡಲು ಹೋಗಬಾರದು. ಒಬ್ಬ ತಂದೆ ಸೊಟ್ಟಗೆ ಹೊಲಿದ ಅಕ್ಷರವನ್ನು ಸೊಟ್ಟಗೇ ಬಿಗಿಯಬೇಕು. ಪರರ ಕೈಬರಹದಲ್ಲಿ ತನ್ನ ಕೈ ಕಾಣದಂತೆ ಹೊಲಿಯುವುದು ಚೌಕ ಹೊಲಿಯುವುದಕ್ಕಿಂತ ಕಷ್ಟದ ಕಸುಬು. 2020ರಲ್ಲಿ ಕೊರೊನಾ ಬಂದು ಮಾಸ್ಕ್ ಸಿಗದಾದಾಗ, ಕೌದಿಗೆಂದು ಬಂದು ಉಳಿದಿದ್ದ ಬಟ್ಟೆಯಿಂದ ಗರ್ಟ್ ಮಾಸ್ಕ್ ಹೊಲಿದು ಹಂಚಿದರು. ಒಂದು ಸಾಂಕ್ರಾಮಿಕದ ಬಟ್ಟೆ ಇನ್ನೊಂದರ ಬಾಯಿಗೆ ಅಡ್ಡವಾಯಿತು ಎಂದು ಪತ್ರಿಕೆಗಳು ಬರೆದುಕೊಂಡಿರಬಹುದು, ಅವರ ಮಟ್ಟಿಗೆ ಅದು ಕೈಗೆ ಒಗ್ಗಿದ ಕೆಲಸವೇ ಆಗಿತ್ತು.

ಇಷ್ಟೆಲ್ಲ ಬಟ್ಟೆ, ದಾರ, ದುಡಿಮೆ ಯಾಕೆ, ಅಷ್ಟೇ ಹಣವನ್ನು ಔಷಧಕ್ಕೋ ಅಂಗಡಿಯ ಕಂಬಳಿಗೋ ಕೊಟ್ಟರಾಗದೇ ಎಂಬ ಪ್ರಶ್ನೆ ಹಳೆಯದು, ನ್ಯಾಯವಾದದ್ದು ಕೂಡ. ಸೈನಿಕನಿಗೆ ಚಳಿಯೊಂದೇ ಕಷ್ಟವಾಗಿದ್ದರೆ ಕಾರ್ಖಾನೆಯ ಕಂಬಳಿಯೇ ಅಗ್ಗ. ಆದರೆ ಲೆಕ್ಕ ಬಿಡಿಸಿ ನೋಡಿದರೆ ಹೊಲಿಗೆ ಹಣಕ್ಕೆ ಪ್ರತಿಸ್ಪರ್ಧಿಯಾಗಿದ್ದಕ್ಕಿಂತ ಹಣವನ್ನು ಎಳೆದು ತಂದದ್ದೇ ಹೆಚ್ಚು. 1988ರಲ್ಲಿ ಈ ಕೌದಿ ಅಮೆರಿಕದ 20 ನಗರ ಸುತ್ತಿ ಸುಮಾರು 5 ಲಕ್ಷ ಡಾಲರ್ ಕೂಡಿಸಿತು, ಆ ಹಣ ಹೋದದ್ದು ರೋಗಿಗಳ ಆರೈಕೆ ಮಾಡುವ ಸಂಸ್ಥೆಗಳಿಗೆ. ಮೊದಲ ಮಹಾಯುದ್ಧದ ಕಾಲದಲ್ಲಿ ರೆಡ್‌ಕ್ರಾಸ್‌ಗಾಗಿ ಸಹಿ ಕೌದಿಗಳು ಹುಟ್ಟಿದವು. ಚಿಲ್ಲರೆ ಕಾಸು ಕೊಟ್ಟವರ ಹೆಸರನ್ನು ಚೌಕದ ಮೇಲೆ ಕಸೂತಿ ಮಾಡಿ, ಕೂಡಿಸಿ, ಕೊನೆಗೆ ಇಡೀ ಕೌದಿಯನ್ನೇ ಹರಾಜಿಗೋ ಲಾಟರಿಗೋ ಹಾಕುತ್ತಿದ್ದರು. ಒಂದೇ ಬಟ್ಟೆ ಎರಡು ಸಲ ದುಡಿಯಿತು. ಇಲ್ಲೂ ಮುಗಿಯದ ಕೌದಿಯನ್ನು ಯಾರೂ ಹರಾಜು ಕೂಗುವಂತಿರಲಿಲ್ಲ. ಅದಕ್ಕೂ ಹಿಂದೆ, 1861ರಿಂದ 1865ರ ಅಮೆರಿಕದ ಅಂತರ್ಯುದ್ಧದಲ್ಲಿ, ಉತ್ತರದ ರಾಜ್ಯಗಳ ಹೆಂಗಸರು ಸೈನಿಕರ ಆರೈಕೆಗಿದ್ದ ಸ್ಯಾನಿಟರಿ ಕಮಿಷನ್ ಮೂಲಕ ಮಂಚದ ಅಳತೆಗೆ ಕೌದಿ ಹೊಲಿದು ಆಸ್ಪತ್ರೆಗಳಿಗೆ ಕಳಿಸಿದರು. ಅವುಗಳಲ್ಲಿ ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. ಹೊದ್ದು, ಹರಿದು, ಸತ್ತವರಿಗೆ ಸುತ್ತಿ ಖರ್ಚಾಗಿಹೋದವು. ಕೌದಿ ತನ್ನ ಕೆಲಸ ಮಾಡಿದ್ದಕ್ಕೆ ಇದಕ್ಕಿಂತ ಬೇರೆ ರಸೀದಿ ಬೇಕಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಹರಿತವಾದದ್ದು, ಅದು ಬಂದದ್ದು ಏಡ್ಸ್ ಹೋರಾಟದ ಒಳಗಿನಿಂದಲೇ. ಜನ ಸಾಯುತ್ತಿರುವಾಗ ಸೂಜಿ ಹಿಡಿದು ಕೂರುವುದು ಸಿಟ್ಟನ್ನು ಕರಗಿಸಿ ಕಣ್ಣೀರು ಮಾಡುತ್ತದೆ, ಸರ್ಕಾರಕ್ಕೆ ಬೇಕಾದದ್ದೂ ಅದೇ, ಎಂದು ಬೀದಿಗಿಳಿದವರು ವಾದಿಸಿದರು. 1987ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ‘ಆಕ್ಟ್ ಅಪ್’ ಸಂಘಟನೆ 1992ರ ಅಕ್ಟೋಬರ್ 11ರಂದು, ಕೌದಿ ವಾಷಿಂಗ್ಟನ್ನಿನಲ್ಲಿ ಹಾಸಿಕೊಂಡಿದ್ದ ಅದೇ ದಿನಗಳಲ್ಲಿ, ತಮ್ಮವರ ಚಿತಾಭಸ್ಮವನ್ನು ಒಯ್ದು ಶ್ವೇತಭವನದ ಹುಲ್ಲುಹಾಸಿನ ಮೇಲೆ ಚೆಲ್ಲಿತು. ಈ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಔಷಧ ಬೇಗ ಹೊರಬರಲು, ಬೆಲೆ ಇಳಿಯಲು ಕಾರಣವಾದದ್ದು ಬೀದಿಯ ಗದ್ದಲವೇ. ಆದರೂ ಒಂದು ಮಾತು ಉಳಿಯುತ್ತದೆ. ಮರಣವಾರ್ತೆಯಲ್ಲಿ ರೋಗದ ಹೆಸರನ್ನು ಮುಚ್ಚಿಡುತ್ತಿದ್ದ, ಶವಸಂಸ್ಕಾರಕ್ಕೂ ಕೆಲವರು ಹಿಂದೇಟು ಹಾಕುತ್ತಿದ್ದ ಕಾಲ ಅದು. ಚಳವಳಿಯ ಸಭೆಗೆ ಎಂದೂ ಕಾಲಿಡದ ಹಳ್ಳಿಗಾಡಿನ ತಾಯಿ ಮಗನ ಹೆಸರನ್ನು ಮೂರಡಿ ಬಟ್ಟೆಯ ಮೇಲೆ ಬರೆದು ಅಂಚೆಗೆ ಹಾಕಿದಳೆಂದರೆ ಅವಳೂ ಸರ್ಕಾರದ ಮುಂದೆ ಒಂದು ಲೆಕ್ಕ ಇಟ್ಟಳು. ಅಂಥ ಸಾವಿರಾರು ಬಿಡಿ ಹೆಸರುಗಳನ್ನು ಯಾರಾದರೂ ಅಂಚು ಕಟ್ಟಿ ಒಂದಾಗಿಸದಿದ್ದರೆ ಅವು ಸಾವಿರಾರು ಮನೆಗಳ ಗುಟ್ಟಾಗಿಯೇ ಉಳಿಯುತ್ತಿದ್ದವು. 1996ರಲ್ಲಿ ಅಂದಿನ ಅಧ್ಯಕ್ಷ ಕ್ಲಿಂಟನ್ ದಂಪತಿ ಬಂದು ನೋಡಿದ್ದು ಆ ಕೂಡಿಸಿದ ಲೆಕ್ಕವನ್ನು.

ನುರಿತ ಹೊಲಿಗೆಯವರು ಎತ್ತುವ ತಕರಾರು ಮೂರನೆಯದು: ಈ ಸ್ಮಾರಕ ಕೌದಿಯ ನಡುವೆ ಹತ್ತಿಯಿಲ್ಲ, ಪದರಗಳನ್ನು ಹಿಡಿದಿಡುವ ಓಟದ ಹೊಲಿಗೆಯಿಲ್ಲ, ಇದೆಂಥ ಕ್ವಿಲ್ಟ್? ಕಸುಬಿನ ಮಾತಾಗಿ ಇದು ಸರಿ. ಆದರೆ ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಂಗಸರ ಕೌದಿಯನ್ನು ಬಲ್ಲವರಿಗೆ ಈ ತಕರಾರು ಅಷ್ಟು ನಾಟುವುದಿಲ್ಲ. ಅಲ್ಲಿ ಅಡಿಗೆ ಹಳೆಯ ಸೀರೆ, ಮೇಲೆ ಮನೆಮಂದಿಯ ಹರಿದ ಬಟ್ಟೆಗಳ ತೇಪೆ. ಅಂಚಿನಿಂದ ಹೊಲಿಯುತ್ತ ಸುತ್ತು ಬಂದು ನಡುವಿಗೆ ಸೇರುತ್ತಾರೆ. ಮೂಲೆಗಳಿಗೆ ಮಡಚಿದ ಬಟ್ಟೆಯ ಪುಟ್ಟ ‘ಫೂಲ’ಗಳನ್ನು ಇಡುತ್ತಾರೆ. ಅದಿಲ್ಲದ ಕೌದಿ ಬತ್ತಲೆ ಎನ್ನುವುದು ಅವರ ನಂಬಿಕೆ. ಹೊದೆಯಲು ಫೂಲ ಬೇಕಾಗಿಲ್ಲ, ಕೌದಿ ಪೂರ್ತಿಯಾಯಿತು ಎನ್ನಲು ಬೇಕು. ಸ್ಯಾನ್‌ಫ್ರಾನ್ಸಿಸ್ಕೊಕ್ಕೂ ಸಿದ್ದಿಗಳಿಗೂ ಯಾವ ಕೊಡುಕೊಳ್ಳುವಿಕೆಯೂ ಇಲ್ಲ. ಆದರೂ ಕೌದಿಯ ಮರ್ಯಾದೆ ಅದರ ಮುಗಿತಾಯದಲ್ಲಿದೆ ಎಂಬ ತಿಳಿವು ಎರಡೂ ಕಡೆ ಇದೆ.

ಕಡೆಯ ಆಕ್ಷೇಪಕ್ಕೆ ಪೂರ್ತಿ ಉತ್ತರವಿಲ್ಲ. 54 ಟನ್ ಬಟ್ಟೆಯನ್ನು ಉಗ್ರಾಣದಲ್ಲಿಟ್ಟು ಎಷ್ಟು ಕಾಲ ಕಾಯುವುದು? ಎಲ್ಲ ಪ್ಯಾನೆಲ್‌ಗಳೂ ಅಂತರ್ಜಾಲದಲ್ಲಿ ನೋಡಲು ಸಿಗುತ್ತವೆ, ಜೊತೆಗೆ ಬಂದ ಪತ್ರ, ಫೋಟೊಗಳ ಸಂಗ್ರಹ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದೆ. ಚಿತ್ರ ಸಾಕು, ಬಟ್ಟೆ ಯಾಕೆ ಎನ್ನುವವರಿದ್ದಾರೆ. ಬಟ್ಟೆ ಇರುವವರೆಗೆ ಅದನ್ನು ಎಲ್ಲಿಗಾದರೂ ಒಯ್ದು ಹಾಸಬಹುದು, ಹಾಸಿದ ಕಡೆ ಜನ ಮಂಡಿಯೂರಿ ಕೂರುತ್ತಾರೆ ಎಂಬುದಷ್ಟೇ ಇದರ ಪರವಾಗಿ ಹೇಳಬಹುದಾದ ಮಾತು. ಇದಕ್ಕಿಂತ ಮುಖ್ಯವಾದ ಕೊರತೆ ಬೇರೆ ಇದೆ. ಅಮೆರಿಕದಲ್ಲಿ ಏಡ್ಸ್ ಕಪ್ಪು ಜನರನ್ನು ಕಾಡಿದ್ದಕ್ಕೆ ತಕ್ಕ ಪ್ರಮಾಣದಲ್ಲಿ ಅವರ ಹೆಸರುಗಳು ಕೌದಿಯಲ್ಲಿಲ್ಲ. ಇದನ್ನು ಸರಿಪಡಿಸಲೆಂದೇ 2022ರಲ್ಲಿ ಮಿಸಿಸಿಪಿಯ ಜ್ಯಾಕ್ಸನ್‌ನಲ್ಲಿ ‘ಚೇಂಜ್ ದ ಪ್ಯಾಟರ್ನ್’ ಎಂಬ ಕಾರ್ಯಕ್ರಮ ಶುರುವಾಯಿತು. ದಕ್ಷಿಣದ ರಾಜ್ಯಗಳಲ್ಲಿ ಕೌದಿಯ ಭಾಗಗಳನ್ನು ಹಾಸುತ್ತಾರೆ, ಹೊಲಿಗೆಯ ಕಮ್ಮಟ ನಡೆಸುತ್ತಾರೆ, ತಮ್ಮವರ ಹೆಸರಿಗೆ ಪ್ಯಾನೆಲ್ ಮಾಡುವಂತೆ ಕಪ್ಪು ಮತ್ತು ಲ್ಯಾಟಿನೊ ಜನರನ್ನು ಕರೆಯುತ್ತಾರೆ. ಹೀಗೆ ಹೊಲಿದ ಪ್ಯಾನೆಲ್ ಬಂದು ಸೇರುವುದು ಗರ್ಟ್ ಕೂತ ಅದೇ ಹೊಲಿಗೆಯ ಮೇಜಿಗೆ. ಎಂಟರ ಗುಂಪಿಗೆ ಕೂಡಿಸುವುದು, ಕ್ಯಾನ್ವಾಸಿನ ಅಂಚು ಹೊಲಿಯುವುದು, ರಿಂಗು ಹಾಕುವುದು ಹಾಗೇ ಉಳಿದಿದೆ. ಪ್ಯಾನೆಲ್ ಮಾಡುವುದನ್ನು ಕಮ್ಮಟದಲ್ಲಿ ಒಂದು ಮಧ್ಯಾಹ್ನ ಹೇಳಿಕೊಡಬಹುದು. 1987ರಲ್ಲಿ ಬಂದು ಇಂದಿಗೂ ಎದ್ದು ಹೋಗದೆ ಕೂತವರ ಕೆಲಸಕ್ಕೆ ಅಂಥ ಕಮ್ಮಟ ಇನ್ನೂ ಯಾರ ಪಟ್ಟಿಯಲ್ಲೂ ಕಾಣುತ್ತಿಲ್ಲ.