ತಂತ್ರಾಂಶ ಎಲ್ಲರದು, ಲಾಂಛನ ಯಾರದು?



ಕಳೆದ ಮಹಾಸಭೆಯ ದಿನ ಸದಸ್ಯರೊಬ್ಬರು ನನ್ನನ್ನು ಒಂದು ಪ್ರಶ್ನೆ ಕೇಳಿದರು. "ನಮ್ಮ ಕಛೇರಿಯ ಕಂಪ್ಯೂಟರಿನಲ್ಲಿರುವ ಡೆಬಿಯನ್, ಫೈರ್‌ಫಾಕ್ಸ್ ಮುಂತಾದ ಮುಕ್ತ ತಂತ್ರಾಂಶಗಳನ್ನು ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು ಎನ್ನುತ್ತೀರಿ. ಹಾಗಿದ್ದರೆ ಅವುಗಳ ಲಾಂಛನಕ್ಕೆ ಮಾತ್ರ ಒಡೆಯರೇಕೆ?" ಇದರ ಉತ್ತರ ನಮ್ಮ ಸಂಘಕ್ಕೂ ಸಂಬಂಧಿಸಿದ್ದರಿಂದ ಇಲ್ಲಿ ವಿವರಿಸುತ್ತಿದ್ದೇನೆ.

ನಮ್ಮ ನರ್ಸರಿಯ ಸಸಿಗಳನ್ನು ನೆರೆಯವರಿಗೆ ಪುಕ್ಕಟೆ ಕೊಡುತ್ತೇವೆ. ಅವರು ನೆಟ್ಟು ಬೆಳೆದು ಮಾರಿಕೊಂಡರೆ ನಮಗೆ ಸಂತೋಷವೇ. ಆದರೆ ಅವರ ಫಸಲಿನ ಚೀಲಕ್ಕೆ ನಮ್ಮ ತೋಟದ ಮುದ್ರೆ ಒತ್ತಿದರೆ ಒಪ್ಪುತ್ತೇವೆಯೇ? ಸರಕಿನ ಹಿಂದೆ ಯಾರಿದ್ದಾರೆಂದು ಹೇಳುವುದೇ ಮುದ್ರೆಯ ಕೆಲಸ.

ಲಾಂಛನವೊಂದರಲ್ಲಿ ಎರಡು ಹಕ್ಕುಗಳು ಅಡಗಿರುತ್ತವೆ. ಚಿತ್ರವನ್ನು ನಕಲು ಮಾಡುವ, ತಿದ್ದುವ ಹಕ್ಕು ಕೃತಿಸ್ವಾಮ್ಯ. ಆ ಚಿತ್ರವನ್ನು ವ್ಯಾಪಾರದಲ್ಲಿ ಗುರುತಾಗಿ ಬಳಸುವ ಹಕ್ಕು ಟ್ರೇಡ್‌ಮಾರ್ಕ್. ಒಂದನ್ನು ಬಿಟ್ಟುಕೊಟ್ಟರೂ ಇನ್ನೊಂದನ್ನು ಉಳಿಸಿಕೊಳ್ಳಬಹುದು.

ಒಡೆತನವನ್ನು ಅಲಕ್ಷಿಸಿದರೆ ಏನಾಗುವುದೆಂಬುದಕ್ಕೆ ಲಿನಕ್ಸ್ ಉದಾಹರಣೆ. ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ತಂತ್ರಾಂಶದ ಹೆಸರನ್ನು ಯಾರೂ ನೋಂದಾಯಿಸಿರಲಿಲ್ಲ. 1994ರಲ್ಲಿ ಅಮೆರಿಕದವರೊಬ್ಬರು ತಮ್ಮ ಹೆಸರಿಗೆ ನೋಂದಣಿ ಕೋರಿ ಅರ್ಜಿ ಹಾಕಿ ಪಡೆದೂಬಿಟ್ಟರು. ಅನಂತರ ಲಿನಕ್ಸ್ ಮಾರುವವರಿಂದ ಹಣ ಕೇಳತೊಡಗಿದರು. ವ್ಯಾಜ್ಯ ಹೂಡಿದ ಮೇಲೆ, 1997ರಲ್ಲಿ ಆ ಹೆಸರು ಟೊರ್ವಾಲ್ಡ್ಸ್‌ರಿಗೆ ವರ್ಗವಾಯಿತು.

ಡೆಬಿಯನ್ 1993ರಲ್ಲಿ ಆರಂಭವಾದ ಸ್ವಯಂಸೇವಕರ ಬಳಗ. ಬಳಗದ ಹೆಸರಿನಲ್ಲಿ ಆಸ್ತಿ ಇಡುವುದು ಕಷ್ಟವೆಂಬುದು ಸಹಕಾರಿಗಳಾದ ನಮಗೆ ಗೊತ್ತಿರುವ ವಿಷಯವೇ. ಆದುದರಿಂದ 'ಸಾಫ್ಟ್‌ವೇರ್ ಇನ್ ದಿ ಪಬ್ಲಿಕ್ ಇಂಟರೆಸ್ಟ್' ಎಂಬ ಲಾಭರಹಿತ ಸಂಸ್ಥೆ ಅದರ ಟ್ರೇಡ್‌ಮಾರ್ಕನ್ನು ಹೊಂದಿದೆ. ಡೆಬಿಯನ್‌ನ ಸುಳಿಯಾಕಾರದ ಚಿತ್ರವನ್ನು ಯಾರು ಬೇಕಾದರೂ ನಕಲಿಸಬಹುದು, ತಿದ್ದಬಹುದು. ಆದರೆ ಡೆಬಿಯನ್ ತಮ್ಮ ಸರಕಿಗೆ ಒಪ್ಪಿಗೆ ಕೊಟ್ಟಿದೆ ಎಂಬ ಭ್ರಮೆ ಹುಟ್ಟುವಂತೆ ಬಳಸುವಂತಿಲ್ಲ.

ಫೈರ್‌ಫಾಕ್ಸ್ ವಿಷಯದಲ್ಲಿ ಇಬ್ಬರು ಸಜ್ಜನರ ನಡುವೆಯೇ ತೊಡಕು ಬಂದಿತು. ಅದರ ನರಿಯ ಲಾಂಛನಕ್ಕೆ ಆಗ ಮುಕ್ತ ಪರವಾನಗಿ ಇರಲಿಲ್ಲ. ತನ್ನ ನಿಯಮದಂತೆ ಡೆಬಿಯನ್ ಆ ಚಿತ್ರವನ್ನು ಕೈಬಿಟ್ಟು, ಹೆಸರನ್ನಷ್ಟೇ ಇಟ್ಟುಕೊಂಡಿತ್ತು. 2006ರಲ್ಲಿ ಮೊಜಿಲ್ಲಾದವರು ಆಕ್ಷೇಪಿಸಿ, ಹೆಸರು ಬೇಕಾದರೆ ಲಾಂಛನವೂ ಇರಬೇಕು, ಮಾಡಿದ ತಿದ್ದುಪಡಿಗಳಿಗೆ ತಮ್ಮ ಒಪ್ಪಿಗೆಯೂ ಬೇಕು ಎಂದರು. ಡೆಬಿಯನ್ ಒಪ್ಪದೆ, ಅದೇ ತಂತ್ರಾಂಶವನ್ನು 'ಐಸ್‌ವೀಸಲ್' ಎಂಬ ಹೆಸರಿನಲ್ಲಿ ಹಂಚಿತು. ಹತ್ತು ವರ್ಷಗಳ ಮೇಲೆ, 2016ರಲ್ಲಿ, ಹಳೆಯ ಹೆಸರು ಮರಳಿತು. ಇಲ್ಲಿ ಯಾರದೂ ದುರುದ್ದೇಶವಿರಲಿಲ್ಲ. ತಂತ್ರಾಂಶದ ಪರವಾನಗಿ ಬೇರೆ, ಮುದ್ರೆಯ ಪರವಾನಗಿ ಬೇರೆ ಎಂಬುದೇ ಇದರ ಪಾಠ.

ಲಾಂಛನವಿರುವ ಯಾವುದೇ ಬಳಗ ಗಮನಿಸಬೇಕಾದ ಅಂಶಗಳು:

1. ಚಿತ್ರ ಬರೆದವರಿಂದ ಹಕ್ಕನ್ನು ಬರಹದಲ್ಲಿ ಪಡೆಯಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬಾಯಿಮಾತಿನ ವರ್ಗಾವಣೆ ಸಲ್ಲದು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರವೆಂದೂ ಭಾವಿಸಲಾಗುತ್ತದೆ.

2. ಒಡೆತನ ಒಂದು ನೋಂದಾಯಿತ ಸಂಸ್ಥೆಯ ಹೆಸರಿನಲ್ಲಿರಬೇಕು.

3. ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸಿ, ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು.

4. ಕೇಳದೆಯೇ ಬಳಸಬಹುದಾದ ಸಂದರ್ಭಗಳು ಯಾವುವು, ಅನುಮತಿ ಬೇಕಾದವು ಯಾವುವು ಎಂಬುದನ್ನು ಒಂದು ಪುಟದಲ್ಲಿ ಬರೆದಿಡಬೇಕು.

ಇಷ್ಟು ಬರೆದ ಮೇಲೆ ನಮ್ಮ ಸಂಘದ ಕಡತವನ್ನು ತೆಗೆಸಿ ನೋಡಿದೆ. ನಮ್ಮ ಕಾಫಿಪುಡಿ ಪೊಟ್ಟಣದ ಮೇಲಿನ ಚಿತ್ರವನ್ನು ಹಿರಿಯ ಸದಸ್ಯರೊಬ್ಬರ ಮಗ ಬಹಳ ಹಿಂದೆ ಪ್ರೀತಿಯಿಂದ, ಏನೂ ಪಡೆಯದೆ ಬರೆದುಕೊಟ್ಟಿದ್ದರು. ಅದರ ಬಗ್ಗೆ ಒಂದು ಸಾಲಿನ ಪತ್ರವೂ ನಮ್ಮಲ್ಲಿಲ್ಲ. ಕಾರ್ಯದರ್ಶಿಯಾಗಿ ಈ ಲೋಪ ನನ್ನದೇ. ವಿಶ್ವಾಸ ಚೆನ್ನಾಗಿರುವಾಗಲೇ ಕಾಗದ ಮಾಡಿಕೊಳ್ಳುವುದು ಲೇಸು. ಅವರಿಗೆ ಕರಡು ಪತ್ರ ಕಳುಹಿಸಿದ್ದೇನೆ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ವಿಷಯ ಮಂಡಿಸಲಾಗುವುದು. ಅಲ್ಲಿಯವರೆಗೆ ಸದಸ್ಯರು ಸಂಘದ ಮುದ್ರೆಯನ್ನು ಸ್ವಂತ ಪೊಟ್ಟಣಗಳ ಮೇಲೆ ಅಚ್ಚು ಹಾಕಿಸಬಾರದಾಗಿ ವಿನಂತಿ.

— ಕಾರ್ಯದರ್ಶಿ